ಕುಡಿಯುವ ನೀರಿನ ತೊಟ್ಟಿಗೆ ಸೋರದ ತಗಡಿನ ಚಾವಣಿ

ಮಳೆನೀರು ಹಿಡಿದು ಕುಡಿಯಬೇಕು ಅಂತ ತೊಟ್ಟಿ ಕಟ್ಟಿಸುವವರು ಗೋಡೆಯ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಕಲ್ಲೋ ಇಟ್ಟಿಗೆಯೋ, ಗಾರೆ ಎಷ್ಟು ದಪ್ಪ ಇರಬೇಕು, ಒಳಗೆ ಏನು ಬಳಿಯಬೇಕು, ಎಲ್ಲ ವಿಚಾರಿಸುತ್ತಾರೆ. ಚಾವಣಿಯ ಮಾತು ಬಂದಾಗ ಮಾತ್ರ "ನಾಲ್ಕು ತಗಡು ಹೊದಿಸಿದರಾಯ್ತು" ಅಂತ ಮುಗಿಸಿಬಿಡುತ್ತಾರೆ. ಗೋಡೆ ಸೋರಿದರೆ ನೀರು ಇಳಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಚಾವಣಿ ಸೋರಿದರೆ ನೀರು ಏರುತ್ತದೆ, ಹಾಗಾಗಿ ಯಾರೂ ಗಮನಿಸುವುದಿಲ್ಲ.

"ಸೋರಿದರೂ ಮಳೆನೀರು ತಾನೆ, ತೊಟ್ಟಿಗೇ ತಾನೆ ಬೀಳೋದು, ನಷ್ಟ ಏನು?" ಅಂತ ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ನಷ್ಟ ಇದೆ. ಮನೆ ಮಾಳಿಗೆಯ ನೀರು ತೊಟ್ಟಿಗೆ ಬರುವ ಮುಂಚೆ ಮೊದಲ ಹನಿಗಳನ್ನು ಹೊರಗೆ ಬಿಡುತ್ತೇವೆ, ಆಮೇಲೆ ಮರಳು ಜಲ್ಲಿಯಲ್ಲಿ ಸೋಸುತ್ತೇವೆ. ಚಾವಣಿಯ ತೂತಿನಿಂದ ಇಳಿಯುವ ನೀರಿಗೆ ಇವೆರಡೂ ಇಲ್ಲ. ಹಸ್ತೆ, ಚಿತ್ತೆ ಮಳೆಗೆ ತುಂಬಿದ ತೊಟ್ಟಿಯನ್ನು ನಾವು ಬೇಸಿಗೆ ಮುಗಿಯುವವರೆಗೂ ಕುಡಿಯಬೇಕು. ಅಷ್ಟರಲ್ಲಿ ತಗಡಿನ ಮೇಲೆ ಪಾರಿವಾಳ, ನವಿಲಿನ ಹಿಕ್ಕೆ, ಕಡ್ಲೆಕಾಯಿ ಕಣದ ಧೂಳು, ಬೇವಿನ ಎಲೆ ಎಲ್ಲ ಆರು ತಿಂಗಳದ್ದು ಕೂತಿರುತ್ತದೆ. ಅಶ್ವಿನಿ, ಭರಣಿಯಲ್ಲಿ ಒಂದು ಗುಡುಗು ಮಳೆ ಬಂದರೆ ಆ ರಾಡಿಯೆಲ್ಲ ಕರಗಿ ಸೋರುವ ಕಡೆಯಿಂದ ಒಳಗೆ ಇಳಿಯುತ್ತದೆ. ತೊಟ್ಟಿಯಲ್ಲಿ ನೀರು ಕಮ್ಮಿ ಇರುವ ಕಾಲ, ಹೊರಗೆ ಬೇರೆ ಒಳ್ಳೆ ನೀರು ಸಿಗದ ಕಾಲವೂ ಅದೇ.

ನಮ್ಮದು ಪಾವಗಡ ತಾಲ್ಲೂಕು. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ. ಮನೆ ಊರೊಳಗಿಲ್ಲ, ಹೊಲದಲ್ಲಿದೆ. ಊರಿನ ಶುದ್ಧ ನೀರಿನ ಘಟಕದಿಂದ ದಿನಾ ಕ್ಯಾನು ಹೊತ್ತು ತರುವುದು ನಮ್ಮ ವಯಸ್ಸಿಗೆ ಆಗದ ಕೆಲಸ, ಘಟಕ ಕೆಟ್ಟು ನಿಂತರಂತೂ ಮುಗಿಯಿತು. ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ಅಂತ ಭಾರತೀಯ ಮಾನಕ ಹೇಳುತ್ತದೆ. ನಮ್ಮ ಬೋರಿನದು ಎರಡೂವರೆ ದಾಟಿತ್ತು. ನಮ್ಮಮ್ಮನ ಮಂಡಿ ಮಡಚಲು ಬರುತ್ತಿರಲಿಲ್ಲ, ಮೊಮ್ಮಗನ ಹಲ್ಲಿನ ಮೇಲೆ ಹಳದಿ ಪಟ್ಟೆ ಬರಲು ಶುರುವಾಗಿತ್ತು. ಅದಕ್ಕೇ 2019ರಲ್ಲಿ ತೊಟ್ಟಿ ಕಟ್ಟಿಸಿದ್ದು. ಫ್ಲೋರೈಡ್ ತಪ್ಪಿಸಲು ಹೋಗಿ ಹಿಕ್ಕೆ ನೀರು ಕುಡಿಯುವ ಹಾಗಾದರೆ ಇಷ್ಟೆಲ್ಲ ಯಾಕೆ?

ತೊಟ್ಟಿ ಒಳ ಅಳತೆ 12 ಅಡಿ ಉದ್ದ, 8 ಅಡಿ ಅಗಲ, ನೀರು ನಿಲ್ಲುವ ಆಳ 6 ಅಡಿ. 576 ಘನ ಅಡಿ ಆಯಿತು. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಂದರೆ ಹದಿನಾರು ಸಾವಿರ ಲೀಟರ್. ಕುಡಿಯಲು, ಅಡುಗೆಗೆ ದಿನಕ್ಕೆ ನಲವತ್ತು ಲೀಟರ್ ಹಿಡಿದರೆ ಎಂಟು ತಿಂಗಳಿಗೆ 9,600. ಒಂದು ವರ್ಷ ಮಳೆ ಕೈಕೊಟ್ಟರೂ ತಡೆದುಕೊಳ್ಳಬಹುದು. ಮುಚ್ಚದೆ ಬಿಟ್ಟರೆ ಈ ಲೆಕ್ಕ ನಡೆಯುವುದಿಲ್ಲ. ನಮ್ಮ ಬಯಲುಸೀಮೆಯ ಬಿಸಿಲು ಗಾಳಿಗೆ ತೆರೆದ ನೀರು ವರ್ಷದಲ್ಲಿ ಐದಾರು ಅಡಿ ಆವಿಯಾಗಿ ಹೋಗುತ್ತದೆ.

ಆರ್‌ಸಿಸಿ ಚಾವಣಿ ಹಾಕಿಸಬಹುದಿತ್ತು, ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ತಗಡಿನದಕ್ಕೆ ಆಗ ಶೀಟು, ಪೈಪು, ಸ್ಕ್ರೂ, ಕೂಲಿ ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ ಆಯಿತು.

ನೀರನ್ನು ತಡೆಯುವುದಲ್ಲ, ದಾರಿ ಬಿಡುವುದು

ಸೋರುವ ತಗಡಿನ ಚಾವಣಿಗಳನ್ನು ನಮ್ಮ ಸುತ್ತಮುತ್ತ ಸುಮಾರು ನೋಡಿದ್ದೇನೆ. ಎಲ್ಲದರ ಮೇಲೂ ಒಂದು ಗುರುತು ಇದ್ದೇ ಇರುತ್ತದೆ. ಡಾಂಬರೋ, ಬಿಳಿ ಅಂಟೋ, ಸಿಮೆಂಟೋ ಮೆತ್ತಿರುತ್ತಾರೆ. ಮೆತ್ತಿದ್ದು ಒಂದು ವರ್ಷ ಹಿಡಿಯುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಯಾಕೆ ಅಂದರೆ ತಗಡು ಸುಮ್ಮನೆ ಕೂರುವ ವಸ್ತು ಅಲ್ಲ. ಹತ್ತಡಿ ಉದ್ದದ ಕಬ್ಬಿಣದ ತಗಡು ಬೆಳಗಿನ ಜಾವದ ಚಳಿಗೂ ನಡು ಮಧ್ಯಾಹ್ನದ ಬಿಸಿಗೂ ನಡುವೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ದಿನಾ ಹೀಗೆ ಎಳೆದಾಡಿದರೆ ಯಾವ ಸಿಮೆಂಟು ತಾನೆ ತಡೆದೀತು? ಡಾಂಬರನ್ನಂತೂ ಕುಡಿಯುವ ನೀರಿನ ಹತ್ತಿರ ತರಲೇಬಾರದು.

ಅದಕ್ಕೆ ಚಾವಣಿಯನ್ನು ಯೋಚನೆ ಮಾಡುವಾಗಲೇ ಅಂಟಿನ ಸಹಾಯ ಇಲ್ಲದೆ ಸೋರದ ಹಾಗೆ ಮಾಡಬೇಕು. ಹಳೇ ಹೆಂಚಿನ ಮನೆ ನೆನಪು ಮಾಡಿಕೊಳ್ಳಿ. ಹೆಂಚಿಗೂ ಹೆಂಚಿಗೂ ಮಧ್ಯೆ ಏನೂ ಮೆತ್ತಿಲ್ಲ, ಬೆಳಕು ಕೂಡ ಕಾಣುತ್ತದೆ, ಆದರೂ ಸೋರುವುದಿಲ್ಲ. ಮೇಲಿನದು ಕೆಳಗಿನದರ ಮೇಲೆ ಹೊದ್ದಿದೆ, ವಾಟ ಚೆನ್ನಾಗಿದೆ, ನೀರಿಗೆ ನಿಲ್ಲಲು ಜಾಗ ಇಲ್ಲ. ಅಷ್ಟೇ ಅದರ ಗುಟ್ಟು. ತಗಡಿಗೂ ಇದೇ ನ್ಯಾಯ.

ಮೊದಲನೆಯದು ವಾಟ. ನಾನು ಅಡಿಗೆ ಎರಡು ಅಂಗುಲ ಕೊಡಿಸಿದ್ದೇನೆ. ವೆಲ್ಡಿಂಗಿನವರು ಅರ್ಧ ಅಂಗುಲ ಸಾಕು ಅನ್ನುತ್ತಾರೆ. ನೀರು ಹರಿದು ಹೋಗಲು ಅದು ಸಾಕಾಗಬಹುದು. ಆದರೆ ಎಲೆ, ಮಣ್ಣು ಒಂದು ಕಡೆ ಕೂತರೆ ಅದರ ಹಿಂದೆ ನೀರು ನಿಲ್ಲುತ್ತದೆ. ನಿಂತ ನೀರು ಗಾಳಿಗೆ ಪಕ್ಕದ ಜೋಡಿನೊಳಗೆ ನುಗ್ಗುತ್ತದೆ. ವಾಟ ಜಾಸ್ತಿ ಇದ್ದರೆ ಒಂದು ಮಳೆಗೆ ತಗಡು ತಾನೇ ತೊಳೆದುಕೊಳ್ಳುತ್ತದೆ.

ಎರಡನೆಯದು, ಒಂದೇ ಇಳಿಜಾರು. ತೊಟ್ಟಿಗೆ ಮನೆ ಥರ ಎರಡು ಕಡೆ ಇಳಿಜಾರು ಮಾಡಿ ನಡುವೆ ಕೂಡು ಕೊಡುವ ಚಾಳಿ ಇದೆ. ನೋಡಲು ಚೆಂದ. ಆದರೆ ಆ ಕೂಡು ತೊಟ್ಟಿಯ ನಟ್ಟನಡುವೆ, ನೀರಿನ ಮೇಲೆಯೇ ಬರುತ್ತದೆ. ಬೇಡದ ಕಡೆ ಒಂದು ಜೋಡು ಯಾಕೆ ಬೇಕು? ನಾನು 12 ಅಡಿಯ ಎರಡು ಗೋಡೆಗಳಲ್ಲಿ ಒಂದನ್ನು ಇನ್ನೊಂದಕ್ಕಿಂತ 19 ಅಂಗುಲ ಎತ್ತರ ಕಟ್ಟಿಸಿ, ಎತ್ತರದಿಂದ ತಗ್ಗಿಗೆ ಒಂದೇ ಉದ್ದದ ಶೀಟು ಇಳಿಸಿದೆ. ತೊಟ್ಟಿಯ 8 ಅಡಿ, ಎರಡು ಗೋಡೆಯ ದಪ್ಪ ಒಂದೂವರೆ ಅಡಿ, ಮೇಲೆ ಆರು ಅಂಗುಲ ಕೆಳಗೆ ಒಂಬತ್ತು ಅಂಗುಲ ಹೊರಚಾಚು, ಎಲ್ಲ ಸೇರಿ 11 ಅಡಿ ಉದ್ದದ ಶೀಟು ಬೇಕಾಯಿತು. ಬಣ್ಣದ ಶೀಟನ್ನು ಈಗ ಹೇಳಿದ ಉದ್ದಕ್ಕೇ ಕತ್ತರಿಸಿ ಕೊಡುತ್ತಾರೆ, ಹಾಗಾಗಿ ಉದ್ದಕ್ಕೆ ಜೋಡಿಸುವ ಪ್ರಮೇಯವೇ ಇಲ್ಲ. ಮನೆಯಲ್ಲಿ ಹಳೇ ಎಂಟಡಿ ಶೀಟು ಬಿದ್ದಿವೆ, ಜೋಡಿಸಿ ಹಾಕೋಣ ಅನ್ನುವವರು ಅದನ್ನು ದನದ ಕೊಟ್ಟಿಗೆಗೆ ಹಾಕಿಕೊಳ್ಳಿ.

ಶೀಟಿನ ದಪ್ಪ ಅರ್ಧ ಮಿಲಿಮೀಟರ್ ಇದ್ದರೆ ಒಳ್ಳೆಯದು. ತೆಳ್ಳಗಿನದು ಅಗ್ಗ, ಆದರೆ ಕೋತಿ ಹಾರಿದರೆ ತಗ್ಗು ಬೀಳುತ್ತದೆ. ತಗ್ಗಿನಲ್ಲಿ ನೀರು ನಿಂತರೆ ಮತ್ತೆ ಅದೇ ಕಥೆ.

ಬಾಗಿಲು ಗೋಡೆಗೆ ಇಡಿ, ತಗಡಿಗೆ ಬೇಡ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ತೊಟ್ಟಿಯೊಳಗೆ ಇಳಿಯಲು ಒಂದು ಬಾಯಿ ಬೇಕು. ಎಲ್ಲರೂ ಅದನ್ನು ತಗಡಿನ ನಡುವೆ ಕತ್ತರಿಸಿ ಇಡಿಸುತ್ತಾರೆ. ಸುತ್ತ ಆಂಗಲ್ ಕಟ್ಟು, ಮೇಲೆ ಮುಚ್ಚಳ. ಇಳಿಜಾರಿನಲ್ಲಿ ಬರುವ ನೀರು ಆ ಕಟ್ಟಿನ ಮೇಲ್ಭಾಗಕ್ಕೆ ಬಂದು ಬಡಿದು ನಿಲ್ಲುತ್ತದೆ, ಹೊಳೆಗೆ ಅಡ್ಡ ಕಟ್ಟೆ ಹಾಕಿದ ಹಾಗೆ. ನಾನು ನೋಡಿದ ಚಾವಣಿಗಳಲ್ಲಿ ಸೋರಿಕೆ ಮೊದಲು ಶುರುವಾಗಿದ್ದು ಹೆಚ್ಚಾಗಿ ಈ ಮೂಲೆಯಲ್ಲೇ.

ಒಂದು ಗೋಡೆ ಹತ್ತೊಂಬತ್ತು ಅಂಗುಲ ಎತ್ತರ ಆಯಿತಲ್ಲ, ಆ ಜಾಗದಲ್ಲೇ ಬಾಗಿಲು ಇಡಬಹುದು. ಒಂದೂಕಾಲು ಅಡಿ ಎತ್ತರ, ಎರಡು ಅಡಿ ಅಗಲದ ಕಿಟಕಿಯಂಥ ಬಾಗಿಲು. ನೆಟ್ಟಗೆ ನಿಂತ ಬಾಗಿಲಿನ ಮೇಲೆ ನೀರು ನಿಲ್ಲಲಾರದು, ಮೇಲೆ ಶೀಟಿನ ಹೊರಚಾಚು ಛತ್ರಿ ಹಿಡಿದ ಹಾಗಿರುತ್ತದೆ. ಒಬ್ಬ ಮನುಷ್ಯ ಅಡ್ಡಡ್ಡ ನುಗ್ಗಿ ಇಳಿಯಬಹುದು. ಹೊಟ್ಟೆ ಇರುವವರು ಅಗಲ ಸ್ವಲ್ಪ ಜಾಸ್ತಿ ಇಡಿಸಿಕೊಳ್ಳಿ! ಬಾಗಿಲಿಗೆ ಬೀಗ ಹಾಕುವುದು ಮರೆಯಬಾರದು, ಮಕ್ಕಳಿರುವ ಮನೆ.

ನೀರು ಒಳಗೆ ಬರುವ ಪೈಪು, ಹೆಚ್ಚಾದ ನೀರು ಹೊರಗೆ ಹೋಗುವ ಪೈಪು, ಗಾಳಿ ಆಡುವ ಕಿಂಡಿ, ಎಲ್ಲವೂ ಗೋಡೆಯಲ್ಲೇ. ಹೆಚ್ಚುವರಿ ನೀರಿನ ಪೈಪು ತಗ್ಗಿನ ಗೋಡೆಯ ತಲೆಗಿಂತ ಅರ್ಧ ಅಡಿ ಕೆಳಗಿರಲಿ, ಒಳಬರುವ ಪೈಪಿಗಿಂತ ಒಂದು ಅಳತೆ ದಪ್ಪ ಇರಲಿ. ಇಲ್ಲವಾದರೆ ಜೋರು ಮಳೆಯಲ್ಲಿ ನೀರು ತಗಡಿಗೇ ಮುಟ್ಟುತ್ತದೆ. ಪೈಪಿನ ಬಾಯಿಗಳಿಗೂ ಕಿಂಡಿಗಳಿಗೂ ಸೊಳ್ಳೆ ಜಾಲರಿ ಬಿಗಿಯಬೇಕು.

ತೂತುಗಳ ಲೆಕ್ಕ

ತಗಡು ಸೋರುವುದಿಲ್ಲ, ತಗಡಿಗೆ ನಾವು ಹೊಡೆದ ತೂತು ಸೋರುತ್ತದೆ. ಆದ್ದರಿಂದ ನೀರಿನ ಮೇಲೆ ಎಷ್ಟು ತೂತು ಬರುತ್ತದೆ ಅಂತ ಮೊದಲೇ ಕಾಗದದ ಮೇಲೆ ಎಣಿಸಿ. ನನ್ನ ತೊಟ್ಟಿಯಲ್ಲಿ ಉದ್ದಕ್ಕೆ ಮೂರೇ ಪಟ್ಟಿ ಪೈಪುಗಳು. ಒಂದು ಎತ್ತರದ ಗೋಡೆಯ ಮೇಲೆ, ಒಂದು ತಗ್ಗಿನ ಗೋಡೆಯ ಮೇಲೆ, ಒಂದು ಮಾತ್ರ ನಡುವೆ ನೀರಿನ ಮೇಲೆ. ನಡುವಿನದು ಜಗ್ಗದಿರಲು ಕೆಳಗೆ ನಾಲ್ಕು ನಾಲ್ಕು ಅಡಿಗೆ ಗೋಡೆಯಿಂದ ಗೋಡೆಗೆ ಎರಡು ಅಡ್ಡ ಪೈಪು. ಗೋಡೆ ಮೇಲಿನ ಸ್ಕ್ರೂ ಸೋರಿದರೂ ನೀರು ಬೀಳುವುದು ಗೋಡೆಯ ತಲೆ ಮೇಲೆ. ಗೋಡೆಯ ತಲೆಗೆ ಗಾರೆ ಮಾಡುವಾಗಲೇ ಹೊರಕ್ಕೆ ವಾಟ ಕೊಡಿಸಿದರೆ ಆ ಹನಿ ಆಚೆಗೇ ಹೋಗುತ್ತದೆ. ಮೇಸ್ತ್ರಿಗೆ ರಸಮಟ್ಟ ಇಟ್ಟು ತೋರಿಸಿ ಹೇಳಿ, ಅವರಿಗೆ ಎಲ್ಲವನ್ನೂ ಮಟ್ಟಸವಾಗಿ ಮಾಡಿ ಅಭ್ಯಾಸ. ಹೀಗೆ ಮಾಡಿದ್ದರಿಂದ ನೀರಿನ ಮೇಲೆ ಬಂದ ತೂತು ಜೋಡಿನ ಸಣ್ಣ ಸ್ಕ್ರೂ ಸೇರಿ ಇಪ್ಪತ್ತರ ಒಳಗೆ. ಅಷ್ಟನ್ನು ಕಣ್ಣಿಟ್ಟು ನೋಡಿಕೊಳ್ಳುವುದು ಕಷ್ಟವಲ್ಲ.

ಸ್ಕ್ರೂ ಎಲ್ಲಿ ಹೊಡೆಯಬೇಕು ಅನ್ನುವುದರ ಬಗ್ಗೆ ನನಗೂ ಕೆಲಸಕ್ಕೆ ಬಂದ ಹುಡುಗರಿಗೂ ಅರ್ಧ ದಿನ ವಾದ ಆಯಿತು. ನಮ್ಮ ಕಡೆ ಸೋಲಾರ್ ಪಾರ್ಕು ಬಂದ ಮೇಲೆ ಅಲ್ಲಿ ಕೆಲಸ ಕಲಿತ ಹುಡುಗರ ಕೈಯಲ್ಲಿ ಸ್ಕ್ರೂ ಹೊಡೆಯುವ ಮಿಷನ್ ಇದೆ, ಟಕ ಟಕ ಅಂತ ಒಂದು ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಅವರು ಹೊಡೆಯುವುದು ಶೀಟಿನ ತಗ್ಗಿನಲ್ಲಿ. ಅಲ್ಲಿ ಶೀಟು ಪೈಪಿಗೆ ಅಂಟಿ ಕೂತಿರುತ್ತದೆ, ಗಿಡ್ಡ ಸ್ಕ್ರೂ ಸಾಕು, ಹಿಡಿತವೂ ಚೆನ್ನಾಗಿರುತ್ತದೆ. ಅವರ ಮಾತು ಸುಳ್ಳಲ್ಲ. ಆದರೆ ಮಳೆನೀರು ಹರಿಯುವುದೂ ಆ ತಗ್ಗಿನಲ್ಲೇ. ವಾಷರ್ ಒಂದು ಕೂದಲೆಳೆ ಸಡಿಲವಾದರೂ ಅಲ್ಲಿ ನೀರು ಇಳಿಯುತ್ತದೆ. ಉಬ್ಬಿನ ಮೇಲೆ ಹೊಡೆದ ಸ್ಕ್ರೂಗೆ ಬೀಳುವುದು ತನ್ನ ತಲೆ ಮೇಲಿನ ಮಳೆ ಮಾತ್ರ. ಕುಡಿಯುವ ನೀರಿನ ಮೇಲೆ ಉಬ್ಬಿನಲ್ಲೇ ಆಗಬೇಕು ಅಂತ ನಾನು ಪಟ್ಟು ಹಿಡಿದೆ. ಇದಕ್ಕೆ ಉದ್ದದ ಸ್ಕ್ರೂ ಬೇಕು, ಎರಡೂಕಾಲು ಅಂಗುಲದ್ದು. ಗೋಡೆ ಮೇಲಿನ ಸಾಲುಗಳಲ್ಲಿ ಬೇಕಾದರೆ ಅವರ ಇಷ್ಟದ ಹಾಗೆ ಹೊಡೆಯಲಿ ಅಂತ ಬಿಟ್ಟೆ. ಗಾಳಿಗೆ ಹಿಡಿತ ಬೇಕಾದದ್ದೂ ಅಂಚಿನಲ್ಲೇ.

ಉಬ್ಬಿನ ಮೇಲೆ ಹೊಡೆಯುವಾಗ ಕೈ ಹಗುರ ಇರಬೇಕು. ಸ್ಕ್ರೂ ತಲೆಯ ಕೆಳಗೆ ಕಬ್ಬಿಣದ ಬಿಲ್ಲೆ, ಅದರ ಕೆಳಗೆ ಕಪ್ಪು ರಬ್ಬರ್ ವಾಷರ್ ಇರುತ್ತದೆ. ರಬ್ಬರು ಅದುಮಿಕೊಂಡು ಬಿಲ್ಲೆಯ ಅಂಚಿಗೆ ಬಂದು ಇಣುಕಿದರೆ ಸಾಕು, ನಿಲ್ಲಿಸಬೇಕು. ಇನ್ನೂ ಬಿಗಿದರೆ ಉಬ್ಬು ಒಳಕ್ಕೆ ಕುಸಿದು ಬಟ್ಟಲಾಗುತ್ತದೆ, ಬಟ್ಟಲಲ್ಲಿ ನೀರು ನಿಲ್ಲುತ್ತದೆ, ರಬ್ಬರು ಹರಿಯುತ್ತದೆ. ಸ್ಕ್ರೂ ಓರೆಯಾಗಿ ಹೋದರೆ ಒಂದು ಕಡೆ ವಾಷರ್ ಎದ್ದೇ ಇರುತ್ತದೆ. ಅದನ್ನು ತೆಗೆದು ಅದೇ ತೂತಿಗೆ ಒಂದು ಅಳತೆ ದಪ್ಪದ್ದನ್ನು ನೆಟ್ಟಗೆ ಹೊಡೆಸಿ. ಅಂಗಡಿಯಲ್ಲಿ ವಾಷರ್ "ಇಪಿಡಿಎಂ" ಅಂತ ಕೇಳಿ ತೆಗೆದುಕೊಳ್ಳಿ. ಸಾಮಾನ್ಯ ರಬ್ಬರು ನಮ್ಮ ಬಿಸಿಲಿಗೆ ಎರಡು ಮೂರು ವರ್ಷದಲ್ಲಿ ಒಣಗಿ ಸೀಳುತ್ತದೆ. ಇಡೀ ಚಾವಣಿಯ ಖರ್ಚಿನಲ್ಲಿ ಸ್ಕ್ರೂಗೆ ಹೋಗುವುದು ಅಲ್ಪ, ಅಲ್ಲಿ ಚೌಕಾಸಿ ಮಾಡುವುದು ಬೇಡ.

ಪಕ್ಕದ ಜೋಡು, ಅಂಚು

ಒಂದು ಶೀಟು ಹೊದಿಸಿದ ಮೇಲೆ ಮೂರೂಕಾಲು ಅಡಿ ಅಗಲ ಮುಚ್ಚುತ್ತದೆ. ನನ್ನ ಶೀಟಿನಲ್ಲಿ ಎಂಟು ಅಂಗುಲಕ್ಕೊಂದು ಉಬ್ಬು. ಒಂದು ಉಬ್ಬಿನ ಮೇಲೆ ಒಂದು ಉಬ್ಬು ಹೊದಿಸುವುದು ವಾಡಿಕೆ. ಹಾಗೆ ಹಾಕಿದರೆ ಐದು ಶೀಟಿಗೆ ಹದಿನಾರೂವರೆ ಅಡಿ ಆಗುತ್ತಿತ್ತು, ನನಗೆ ಬೇಕಾದದ್ದು ಹದಿನಾಲ್ಕು. ಮಿಕ್ಕಿದ್ದನ್ನು ಕತ್ತರಿಸಿ ಎಸೆಯುವ ಬದಲು ಎರಡೆರಡು ಉಬ್ಬು ಮೇಲೆ ಮೇಲೆ ಹೊದಿಸಿದೆವು. ಲೆಕ್ಕ ಸರಿಯಾಗಿ ಕೂತಿತು, ಜೋಡೂ ಭದ್ರವಾಯಿತು. ಜೋಡಿನ ಬಾಯಿ ಗಾಳಿಗೆ ಬೆನ್ನು ಮಾಡಿರಬೇಕು. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣದಿಂದ, ಆದ್ದರಿಂದ ಮೂಡಣ ತುದಿಯಿಂದ ಹೊದಿಸುತ್ತಾ ಪಡುವಣಕ್ಕೆ ಬಂದೆವು. ಪಡುವಣದ ಶೀಟು ಮೇಲೆ ಬರುತ್ತದೆ, ಬಾಯಿ ಮೂಡಣಕ್ಕೆ.

ತಗಡಿನ ಅಂಚಿನಲ್ಲಿ ನೀರಿಗೆ ಒಂದು ಕೆಟ್ಟ ಚಾಳಿ ಇದೆ. ಕೆಳಗೆ ಬೀಳುವ ಬದಲು ಅಂಚು ಸುತ್ತಿ ತಗಡಿನ ಹೊಟ್ಟೆಗೆ ಅಂಟಿಕೊಂಡು ಹಿಂದಕ್ಕೆ ಬರುತ್ತದೆ. ಚೊಂಬಿನಿಂದ ನಿಧಾನಕ್ಕೆ ನೀರು ಬಗ್ಗಿಸಿದಾಗ ಚೊಂಬಿನ ಹೊಟ್ಟೆಗುಂಟ ಇಳಿಯುವುದಿಲ್ಲವೇ, ಹಾಗೆ. ಅದಕ್ಕೆ ಕೆಳ ಅಂಚಿನಲ್ಲಿ ಪ್ರತಿ ತಗ್ಗಿನ ತುದಿಯನ್ನೂ ಇಕ್ಕಳದಲ್ಲಿ ಹಿಡಿದು ಅರ್ಧ ಅಂಗುಲ ಕೆಳಕ್ಕೆ ಬಾಗಿಸಬೇಕು, ಮೂಗಿನ ಹಾಗೆ. ನೀರು ಆ ಮೂಗಿನಿಂದ ತೊಟಕ್ಕನೆ ಬೀಳುತ್ತದೆ. ಮೇಲಿನ ತುದಿಯಲ್ಲಿ ಇದಕ್ಕೆ ತಿರುಗಾ ಮುರುಗಾ: ತಗ್ಗಿನ ತುದಿಯನ್ನು ಮೇಲಕ್ಕೆ ಎತ್ತಿ ಬಾಗಿಸಿದರೆ ಗಾಳಿ ತಳ್ಳಿದ ನೀರು ಎತ್ತರದ ಕಡೆಯಿಂದ ಒಳಗೆ ನುಗ್ಗುವುದಿಲ್ಲ. ಹತ್ತು ನಿಮಿಷದ ಕೆಲಸ ಇದು, ಆದರೆ ಹೇಳದಿದ್ದರೆ ಯಾರೂ ಮಾಡುವುದಿಲ್ಲ. ಎರಡು ಪಕ್ಕದ ಓರೆ ಗೋಡೆಗಳ ಮೇಲೆ ಅದೇ ಶೀಟಿನ ಎಲ್ ಆಕಾರದ ಪಟ್ಟಿ ಬಾಗಿಸಿ, ಗೋಡೆಯ ಹೊರಮೈ ಮೇಲೆ ನಾಲ್ಕೈದು ಅಂಗುಲ ಇಳಿಬಿಟ್ಟರೆ ಸಾಕು.

ಶೀಟಿನ ಉಬ್ಬಿನ ಕೆಳಗೆ ಗೋಡೆಗೂ ತಗಡಿಗೂ ನಡುವೆ ಸಂದು ಉಳಿಯುತ್ತದೆ. ಹಲ್ಲಿ, ಸೊಳ್ಳೆ, ಇಲಿಮರಿ ಬರುವುದು ಅಲ್ಲಿಂದ. ಬೆಳಕೂ ಬರುತ್ತದೆ, ಬೆಳಕು ಬಿದ್ದ ಕಡೆ ಪಾಚಿ. ಹಸಿ ಸಿಮೆಂಟು ತುರುಕಿ ಮುಚ್ಚುವುದು ಊರ ಪದ್ಧತಿ. ಬಿರುಕು ಬಿಡುವುದು ಒಂದು ಕಡೆ, ಹಸಿ ಸಿಮೆಂಟಿನ ಸುಣ್ಣದ ಗುಣ ತಗಡಿನ ಸತುವಿನ ಲೇಪವನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಬೆರೆತ ಲೇಪವಾದರೆ ಇನ್ನೂ ಬೇಗ. ಶೀಟಿನ ಉಬ್ಬಿನ ಆಕಾರಕ್ಕೆ ಕತ್ತರಿಸಿದ ಫೋಮ್ ಪಟ್ಟಿ ಸಿಗುತ್ತದೆ, ಅದನ್ನು ಇಟ್ಟು ಮೇಲೆ ಶೀಟು ಬಿಗಿಸಿ. ಇಲಿ ಕಾಟ ಇದ್ದರೆ ಹೊರಗಡೆಯಿಂದ ತಂತಿ ಜಾಲರಿಯನ್ನೂ ಸೇರಿಸಬೇಕು, ಫೋಮನ್ನು ಇಲಿ ಕಡಿಯುತ್ತದೆ.

ಗಾಳಿಯ ಮಾತು ಒಂದು. ಬೇಸಿಗೆಯ ಸುಳಿಗಾಳಿ ತಗಡನ್ನು ಮೇಲಿನಿಂದ ಅದುಮುವುದಿಲ್ಲ, ಕೆಳಗಿನಿಂದ ಎತ್ತುತ್ತದೆ. ಗೋಡೆಯ ತಲೆಯಲ್ಲಿ ಕಾಂಕ್ರೀಟ್ ಪಟ್ಟಿ ಹಾಕುವಾಗಲೇ ಅರ್ಧ ಅಂಗುಲದ ಬೋಲ್ಟುಗಳನ್ನು ಒಂದು ಅಡಿ ಆಳ ಹೂತು ಪೈಪನ್ನು ಅದಕ್ಕೆ ಬಿಗಿಸಬೇಕು. ಕಲ್ಲು ಹೇರಿ ನಿಲ್ಲಿಸಿದ ತಗಡು ಗಾಳಿಗೆ ಒಂದು ಸಲ ಅಲ್ಲಾಡಿದರೂ ಸ್ಕ್ರೂ ತೂತೆಲ್ಲ ಅಗಲವಾಗುತ್ತವೆ. ಪೈಪುಗಳು ಸತು ಲೇಪದವೇ ಇರಲಿ. ವೆಲ್ಡಿಂಗ್ ಎಲ್ಲ ನೆಲದ ಮೇಲೆ ಮುಗಿಸಿ, ಸುಟ್ಟ ಜಾಗಕ್ಕೆ ಸತುವಿನ ಬಣ್ಣ ಹಚ್ಚಿ, ಪೈಪಿನ ಬಾಯಿ ಮುಚ್ಚಿ ಆಮೇಲೆ ಮೇಲೇರಿಸಿ. ಸೀಸ ಬೆರೆತ ಹಳೇ ಬಣ್ಣ ಮನೆಯಲ್ಲಿದ್ದರೆ ನೀರಿನ ಮೇಲೆ ಅದು ಬೇಡ.

ಸೋರದೆಯೂ ತೊಟ್ಟಿಕ್ಕುವ ಚಾವಣಿ

ಚಾವಣಿ ಹಾಕಿಸಿದ ವರ್ಷ ಪುಷ್ಯ ಮಾಸದಲ್ಲಿ ನಮ್ಮ ಮನೆಯವರು ಒಂದು ದಿನ ಬೆಳಗ್ಗೆ ಬಾಗಿಲು ತೆಗೆದು ನೋಡಿ "ರೀ, ಸೋರ್ತಿದೆ" ಅಂದರು. ಮಳೆ ಬಂದು ತಿಂಗಳ ಮೇಲಾಗಿತ್ತು. ಆದರೂ ತಗಡಿನ ಹೊಟ್ಟೆಯ ತುಂಬಾ ಹನಿ, ತೊಟ್ಟಿಯಲ್ಲಿ ಟಪ್ ಟಪ್ ಸದ್ದು. ಇದು ಸೋರಿಕೆ ಅಲ್ಲ. ಆಕಾಶ ತಿಳಿಯಾಗಿರುವ ಚಳಿ ರಾತ್ರಿಯಲ್ಲಿ ತಗಡು ಬಹಳ ತಣ್ಣಗಾಗುತ್ತದೆ. ತೊಟ್ಟಿಯ ನೀರು ಅದಕ್ಕಿಂತ ಬೆಚ್ಚಗಿರುತ್ತದೆ. ನೀರಿನಿಂದ ಎದ್ದ ಹಬೆ ತಣ್ಣನೆ ತಗಡಿಗೆ ತಾಗಿ ಹನಿಯಾಗುತ್ತದೆ, ಅನ್ನದ ತಪ್ಪಲೆಯ ಮುಚ್ಚಳದ ಹಾಗೆ. ಬೀಳುವುದು ನಮ್ಮದೇ ನೀರು, ಕೊಳೆ ಇಲ್ಲ.

ಇದು ಗೊತ್ತಿಲ್ಲದೆ ಒಳ್ಳೆಯ ಚಾವಣಿಗೆ ಅಂಟು ಮೆತ್ತಿ ಹಾಳು ಮಾಡಿದವರಿದ್ದಾರೆ. ಗುರುತಿಸುವುದು ಹೀಗೆ: ಹಬೆಯ ಹನಿ ತಗಡಿನ ತುಂಬಾ ಒಂದೇ ಸಮ ಇರುತ್ತದೆ, ಮೋಡ ಕವಿದ ರಾತ್ರಿಯ ಮಾರನೇ ದಿನ ಇರುವುದಿಲ್ಲ, ಬಿಸಿಲೇರಿದ ಮೇಲೆ ಮಾಯವಾಗುತ್ತದೆ. ಸೋರಿಕೆಯ ಹನಿ ಮಳೆಯ ಹಿಂದೆಯೇ ಬರುತ್ತದೆ, ಒಂದು ಗೆರೆ ಹಿಡಿದು ಬರುತ್ತದೆ, ಒಣಗಿದ ಮೇಲೂ ಕಂದು ಕಲೆ ಬಿಟ್ಟಿರುತ್ತದೆ.

ಹಬೆ ನೀರಿನಿಂದ ಕುಡಿಯುವವರಿಗೆ ತೊಂದರೆ ಇಲ್ಲದಿದ್ದರೂ ತಗಡಿಗೆ ಇದೆ. ಬರೀ ಸತುವಿನ ತಗಡಾದರೆ ಯಾವಾಗಲೂ ಒದ್ದೆಯಿರುವ ಹೊಟ್ಟೆಯಲ್ಲಿ ಬಿಳಿ ಪುಡಿ ಏಳುತ್ತದೆ, ಆಮೇಲೆ ತುಕ್ಕು. ಅದಕ್ಕೆ ಎರಡೂ ಮುಖಕ್ಕೆ ಬಣ್ಣ ಹಚ್ಚಿ ಬಂದಿರುವ ಶೀಟನ್ನೇ ಕೇಳಿ. ಎದುರು ಬದುರು ಗೋಡೆಯಲ್ಲಿ ಒಂದೊಂದು ಜಾಲರಿ ಕಿಂಡಿ ಇಟ್ಟರೆ ಹಬೆ ಕಮ್ಮಿಯಾಗುತ್ತದೆ. ಕಿಂಡಿಗೆ ಹೊರಗಿನಿಂದ ಬಾಗಿದ ಪೈಪು ಕೊಟ್ಟರೆ ಬೆಳಕು ನೇರ ಬೀಳುವುದಿಲ್ಲ. ವಾಟ ಜಾಸ್ತಿ ಇರುವುದರ ಲಾಭ ಇಲ್ಲೂ ಇದೆ. ಕೆಲವು ಹನಿ ಬೀಳದೆ ತಗಡಿನ ಹೊಟ್ಟೆಯಲ್ಲೇ ಜಾರಿ ಗೋಡೆ ಸೇರುತ್ತವೆ.

ಪರೀಕ್ಷೆ

ತೊಟ್ಟಿಗೆ ನೀರು ಬಿಡುವ ಮುಂಚೆಯೇ ಚಾವಣಿಯನ್ನು ಪರೀಕ್ಷೆ ಮಾಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬರು ಒಳಗಿಳಿದು ಬಾಗಿಲು ಮುಂದಕ್ಕೆ ಮಾಡಿಕೊಳ್ಳಬೇಕು. ಎಲ್ಲಾದರೂ ತೂತು ಇದ್ದರೆ ನಕ್ಷತ್ರದ ಹಾಗೆ ಹೊಳೆಯುತ್ತದೆ, ಸೀಮೆಸುಣ್ಣದಲ್ಲಿ ಗುರುತು ಮಾಡಿ. ಆಮೇಲೆ ನೀರಿನ ಪರೀಕ್ಷೆ. ಒಬ್ಬರು ಏಣಿ ಮೇಲೆ ನಿಂತು ಬಿಂದಿಗೆಯಲ್ಲಿ ನೀರು ಹುಯ್ಯಬೇಕು, ಒಬ್ಬರು ಒಳಗೆ ನೋಡಬೇಕು. ಹುಯ್ಯುವುದು ಕೆಳ ಅಂಚಿನಿಂದ ಶುರುವಾಗಲಿ, ಒಂದೊಂದೇ ಅಡಿ ಮೇಲಕ್ಕೆ ಹೋಗಲಿ. ಮೇಲಿನಿಂದ ಹುಯ್ದರೆ ಎಲ್ಲಿ ಸೋರಿತು ಅಂತ ಗೊತ್ತಾಗುವುದಿಲ್ಲ, ಯಾಕೆಂದರೆ ಒಳಗೆ ಬಂದ ನೀರು ತಗಡಿನ ಹೊಟ್ಟೆಗುಂಟ ಎರಡು ಮೂರು ಅಡಿ ಜಾರಿ ಆಮೇಲೆ ಬೀಳುತ್ತದೆ. ಹನಿ ಬಿದ್ದ ಜಾಗದ ನೇರ ಮೇಲೆ ತೂತು ಹುಡುಕಿ ಸೋತವರು ಇದಕ್ಕೇ ಸೋಲುವುದು. ತೂತು ಇರುವುದು ಇನ್ನೂ ಎತ್ತರದ ಕಡೆ.

ಮುಚ್ಚಿಟ್ಟ ತೊಟ್ಟಿಗೆ ಇಳಿಯುವಾಗ ಒಂದು ಎಚ್ಚರಿಕೆ. ಬಾಗಿಲು ತೆಗೆದು ಗಾಳಿ ಚೆನ್ನಾಗಿ ಆಡಲು ಬಿಡಿ, ಹೊರಗೆ ಇನ್ನೊಬ್ಬರು ಇಲ್ಲದೆ ಯಾರೂ ಇಳಿಯಬಾರದು.

ದುಂಡನೆ ತೊಟ್ಟ

ದುಂಡು ತೊಟ್ಟಿ ಇರುವವರು ತಗಡನ್ನು ದುಂಡಗೆ ಕತ್ತರಿಸಲು ಹೋಗುತ್ತಾರೆ. ಬೇಡ. ಕತ್ತರಿಸಿದ ಅಂಚಿನಲ್ಲಿ ಲೇಪ ಇರುವುದಿಲ್ಲ, ತುಕ್ಕು ಅಲ್ಲಿಂದ ಹತ್ತುತ್ತದೆ. ದುಂಡಿಗಿಂತ ದೊಡ್ಡದಾದ ಚೌಕದ ಚಾವಣಿಯನ್ನೇ ಹೊದಿಸಿ, ಮೂಲೆಗಳು ಹೊರಗೆ ಚಾಚಿಕೊಂಡಿರಲಿ. ನೋಡಲು ಚೆನ್ನಾಗಿಲ್ಲ ಅಂತ ನೆಂಟರು ಅಂದರೆ ಅನ್ನಲಿ. ಎತ್ತರದ ಕಡೆ ಅರ್ಧ ಸುತ್ತು ಇಟ್ಟಿಗೆ ಏರಿಸಿ ವಾಟ ತಂದುಕೊಳ್ಳಬಹುದು, ಬಾಗಿಲು ಆ ಇಟ್ಟಿಗೆ ಸುತ್ತಿನಲ್ಲಿ ಬರುತ್ತದೆ. ಫೆರೋಸಿಮೆಂಟಿನ ದುಂಡು ತೊಟ್ಟಿಗೆ ಅದೇ ಸಿಮೆಂಟಿನ ಗುಮ್ಮಟ ಮಾಡುತ್ತಾರೆ, ಅಂಥವರಿಗೆ ತಗಡಿನ ಗೊಡವೆ ಬೇಕಿಲ್ಲ.

ಆಮೇಲಿನ ಆರೈಕೆ ಹೆಚ್ಚೇನಿಲ್ಲ. ಯುಗಾದಿ ಕಳೆದ ಮೇಲೆ ಮೊದಲ ಮಳೆಗೆ ಮುಂಚೆ ತಗಡನ್ನು ಉದ್ದನೆ ಪೊರಕೆಯಲ್ಲಿ ಏಣಿ ಮೇಲೆ ನಿಂತೇ ಗುಡಿಸುತ್ತೇನೆ, ತಗಡಿನ ಮೇಲೆ ಕಾಲಿಡುವುದಿಲ್ಲ. ವಾಷರುಗಳನ್ನು ಬೆರಳಲ್ಲಿ ಒತ್ತಿ ನೋಡುತ್ತೇನೆ. ಗಟ್ಟಿಯಾಗಿ ಸೀಳು ಬಿಟ್ಟಿದ್ದರೆ ಆ ಸ್ಕ್ರೂ ಬದಲಾಯಿಸಬೇಕು. ಇಷ್ಟು ವರ್ಷದಲ್ಲಿ ಮೂರು ಬದಲಾಯಿಸಿದ್ದೇನೆ, ಮೂರೂ ಪಡುವಣ ತುದಿಯವು. ಈ ಚಾವಣಿಯ ಮೇಲೆ ಬಿದ್ದ ಮಳೆಯನ್ನೂ ವ್ಯರ್ಥ ಮಾಡುತ್ತಿಲ್ಲ. ಕೆಳ ಅಂಚಿಗೆ ಅರ್ಧ ಸೀಳಿದ ಪೈಪು ಕಟ್ಟಿ ಮನೆ ಹಿಂದಿನ ನಿಂಬೆ, ನುಗ್ಗೆ ಬುಡಕ್ಕೆ ಬಿಟ್ಟಿದ್ದೇನೆ.

ಕೆಲಸ ಮುಗಿದ ದಿನವೇ ಮಾಡಬೇಕಾದ್ದು ಒಂದಿದೆ. ಸ್ಕ್ರೂ ಕೊರೆದಾಗ ಉದುರಿದ ಕಬ್ಬಿಣದ ಪುಡಿ ತಗಡಿನ ಮೇಲೆ ಬಿದ್ದಿರುತ್ತದೆ. ಒಂದು ರಾತ್ರಿಯ ಇಬ್ಬನಿಗೆ ಅದು ತುಕ್ಕು ಹಿಡಿದು ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ, ಆಮೇಲೆ ಆ ಚುಕ್ಕಿಯಿಂದಲೇ ತಗಡು ತೂತಾಗುತ್ತದೆ. ಹುಡುಗರು ಮಿಷನ್ ಕಟ್ಟಿ ಗಾಡಿ ಹತ್ತುವ ಮುಂಚೆ ಮೆತ್ತನೆ ಪೊರಕೆಯಲ್ಲಿ ಗುಡಿಸಿಸಿ, ಎರಡು ಬಿಂದಿಗೆ ನೀರು ಹುಯ್ಯಿಸಿ, ಆಮೇಲೆ ಕೂಲಿ ಕೊಡಿ.